ಗಾರೆ ಹೊರುವವನ ಮಗಳು ಕಾಲೇಜಿಗೆ ಹೋಗುವುದು ಹೇಗೆ?

(ಕುಂದಲಹಳ್ಳಿಯಲ್ಲಿ ಕಟ್ಟಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)

ಈ ಕುಂದಲಹಳ್ಳಿ ಒಂದು ಕಾಲಕ್ಕೆ ಕೆರೆಯ ಪಕ್ಕದ ಸಣ್ಣ ಊರು. ಇಂದು ಸುತ್ತಲೂ ಗಾಜಿನ ಕಚೇರಿಗಳೆದ್ದಿವೆ. 2023ರ ಮಾರ್ಚಿನಿಂದ ಮೆಟ್ರೋ ರೈಲೂ ಓಡುತ್ತಿದೆ. ಇವನ್ನೆಲ್ಲ ಕಟ್ಟಿದವರು ಯಾರು? ರಾಯಚೂರು, ಯಾದಗಿರಿ, ಕಲಬುರಗಿಯಿಂದ ಗಂಟುಮೂಟೆ ಹೊತ್ತು ಬಂದವರು. ಬಿಹಾರ, ಬಂಗಾಳದಿಂದ ಬಂದವರು. ಇವರ ಮಕ್ಕಳು ಈ ಕಚೇರಿಗಳಲ್ಲಿ ಮೇಜಿನ ಮುಂದೆ ಕೂರಬೇಕಾದರೆ ಪದವಿ ಬೇಕು. ಪದವಿಗೆ ಹಣ ಬೇಕು. ಆ ಹಣ ಎಲ್ಲಿಂದ ಬರಬೇಕು? ಇದೇ ಇಂದಿನ ಪ್ರಶ್ನೆ.

ಹಿಂದೆ ಮೈಸೂರು ಸೀಮೆಯಲ್ಲಿ ಬಡ ಹುಡುಗರು ವಾರಾನ್ನ ಉಂಡು ಓದಿದರು. ವಾರದ ಏಳು ದಿನಕ್ಕೆ ಏಳು ಮನೆ. ಆದರೆ ಆ ಪಂಕ್ತಿಯಲ್ಲಿ ಎಲ್ಲ ಜಾತಿಯವರಿಗೂ ಎಲೆ ಹಾಕುತ್ತಿರಲಿಲ್ಲ. ಆಮೇಲೆ ಮಠಗಳೂ ಜಾತಿ ಸಂಘಗಳೂ ವಿದ್ಯಾರ್ಥಿನಿಲಯ ತೆರೆದವು. ಲಿಂಗಾಯತ ವಿದ್ಯಾನಿಧಿ ಸಂಘ ಹುಟ್ಟಿದ್ದು 1905ರಲ್ಲಿ, ಒಕ್ಕಲಿಗರ ಸಂಘ 1906ರಲ್ಲಿ. ಅವುಗಳಿಂದ ಉಪಕಾರವಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಸಂಘವೂ ಮಠವೂ ಇಲ್ಲದವನ ಗತಿ? 1944ರಲ್ಲಿ, ಡಾ. ಅಂಬೇಡ್ಕರರು ವೈಸರಾಯರ ಮಂಡಳಿಯಲ್ಲಿದ್ದಾಗ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ಅಲ್ಲಿಂದ ಈ ಹಣ ದಯೆಯ ಮಾತಾಗಿ ಉಳಿಯಲಿಲ್ಲ, ಹಕ್ಕಿನ ಮಾತಾಯಿತು.

ಆ ಹಕ್ಕಿನ ಎದುರು ವಿದ್ಯೆಯ ಅಂಗಡಿಯೂ ಬೆಳೆಯಿತು. 1989ರಲ್ಲಿ ನಮ್ಮ ರಾಜ್ಯ ಸರ್ಕಾರ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ಗೊತ್ತುಮಾಡಿದ ವರ್ಷದ ಫೀಜು ನೋಡಿ: ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಕನ್ನಡನಾಡಿನವರಿಗೆ 25,000, ಹೊರನಾಡಿನವರಿಗೆ 60,000ದವರೆಗೆ. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ 1992ರಲ್ಲಿ ಸುಪ್ರೀಂ ಕೋರ್ಟು ಶಿಕ್ಷಣವೂ ಬದುಕುವ ಹಕ್ಕಿನ ಭಾಗವೆಂದಿತು. ಮರುವರ್ಷವೇ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಆ ಹಕ್ಕಿಗೆ ಬೇಲಿ ಬಿತ್ತು: ಹದಿನಾಲ್ಕು ವರ್ಷದವರೆಗೆ ಉಚಿತ, ಆಮೇಲೆ ಸರ್ಕಾರದ ಆರ್ಥಿಕ ಶಕ್ತಿಗೆ ತಕ್ಕಂತೆ.

ಆರ್ಥಿಕ ಶಕ್ತಿ ಇಲ್ಲವೆನ್ನುವವರು ಬ್ಯಾಂಕಿನ ಕಡೆ ಕೈ ತೋರಿಸುತ್ತಾರೆ. ಸಾಲ ಸಿಗುತ್ತದೆ, ನಿಜ. ಮನೆಯ ವರ್ಷದ ಆದಾಯ 4.5 ಲಕ್ಷದೊಳಗಿದ್ದರೆ ವೃತ್ತಿಪರ ಓದಿನ ಸಾಲಕ್ಕೆ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರವೇ ಕೊಡುವ ಯೋಜನೆಯೂ ಇದೆ. ಅದು ಎಲ್ಲ ಕಾಲೇಜಿಗೂ ಅನ್ವಯಿಸುವುದಿಲ್ಲ. ಅರ್ಹರಾದವರು ಅದನ್ನು ಬಿಡಬೇಡಿ. ಆದರೆ ಒಂದು ಮಾತು ನೆನಪಿಡಿ: ಇಪ್ಪತ್ತೆರಡು ವರ್ಷದ ಹುಡುಗಿ ಸಂಬಳ ಎಣಿಸುವ ಮೊದಲು ಸಾಲ ಎಣಿಸಬೇಕಾಗುತ್ತದೆ. ಕೆಲಸ ಸಿಗದಿದ್ದರೂ ಕಂತು ನಿಲ್ಲುವುದಿಲ್ಲ.

ಹಾಗಾದರೆ ಬೇರೆ ಹಣ ಇದೆಯೇ? ಇದೆ. ನಿಮ್ಮ ಹೆಸರಿನಲ್ಲೇ ಇದೆ. 1996ರ ಕಾಯಿದೆಗಳ ಪ್ರಕಾರ ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ ವಸೂಲಾಗಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುವ ಏರ್ಪಾಡಾಯಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಸೆಸ್ಸನ್ನು ಉಳಿಸಿಕೊಂಡಿದೆ. ನೂರು ಕೋಟಿಯ ಕಟ್ಟಡ ಎದ್ದರೆ ಒಂದು ಕೋಟಿ ನಿಮ್ಮ ನಿಧಿಗೆ. ಇದು ಯಾವ ಮಂತ್ರಿಯ ಜೇಬಿನ ಹಣವೂ ಅಲ್ಲ. ನೋಂದಾಯಿತ ಕಾರ್ಮಿಕರ ಮಕ್ಕಳ ಓದಿಗೆ ನೆರವು ಬಂದದ್ದು ಈ ನಿಧಿಯಿಂದಲೇ.

ಆದರೆ 2023ರಲ್ಲಿ ಸರ್ಕಾರ ಆ ನೆರವಿನ ಮೊತ್ತವನ್ನೇ ಇಳಿಸಿತು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ನಕಲಿ ಕಾರ್ಡುಗಳ ಹಾವಳಿ ಎಂಬ ಮಾತು ಕೇಳಿಬರುತ್ತದೆ. ನಕಲಿ ಕಾರ್ಡು ಇರುವುದು ಸುಳ್ಳಲ್ಲ. ಹಾಗಿದ್ದರೆ ನಕಲಿಯವನನ್ನು ಹಿಡಿಯಿರಿ. ಇಲಿ ಕಾಟಕ್ಕೆ ಮನೆಗೇ ಬೆಂಕಿ ಇಡುವುದು ಯಾವ ನ್ಯಾಯ?

ಈಗ ಮಾಡಬೇಕಾದ ಕೆಲಸ ಹೇಳುತ್ತೇನೆ. ಹದಿನೆಂಟರಿಂದ ಅರವತ್ತರೊಳಗಿನ ಯಾರೇ ಆಗಲಿ, ಕಳೆದ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ಕಟ್ಟಡದ ಕೆಲಸ ಮಾಡಿದ್ದರೆ ನೋಂದಣಿಗೆ ಅರ್ಹರು. ಗಾರೆಯವರು, ಕಂಬಿ ಕಟ್ಟುವವರು, ಬಣ್ಣ ಬಳಿಯುವವರು, ಮಣ್ಣು ಹೊರುವ ಹೆಣ್ಣುಮಕ್ಕಳು, ಎಲ್ಲರೂ. ಗಂಡನ ಕಾರ್ಡು ಸಾಕೆಂದು ಹೆಂಗಸರು ಸುಮ್ಮನಿರಬೇಡಿ. ಮೇಸ್ತ್ರಿ ಬದಲಾಗುವ ಮೊದಲೇ ಕೆಲಸದ ದೃಢೀಕರಣ ಪತ್ರ ಬರೆಸಿಕೊಳ್ಳಿ. ನವೀಕರಣದ ತಾರೀಖು ಮರೆಯಬೇಡಿ. ಜಾತಿ, ಆದಾಯ ಪತ್ರಗಳನ್ನು ಮಕ್ಕಳ ಪರೀಕ್ಷೆಯ ಫಲಿತಾಂಶಕ್ಕೆ ಮುಂಚೆಯೇ ಮಾಡಿಸಿ.

ಸರ್ಕಾರದ ಮುಂದೆ ನಮ್ಮ ಹಕ್ಕೊತ್ತಾಯ ಎರಡೇ. ಇಳಿಸಿದ ಮೊತ್ತವನ್ನು ಮರಳಿ ಏರಿಸಬೇಕು. ನೆರವು ಕಾಲೇಜಿಗೆ ಸೇರುವ ತಿಂಗಳಲ್ಲೇ ಕೈಸೇರಬೇಕು. ಜುಲೈನಲ್ಲಿ ಕಟ್ಟುವ ಫೀಜಿಗೆ ಮಾರ್ಚಿನಲ್ಲಿ ಹಣ ಬಂದರೆ, ನಡುವಿನ ಬಡ್ಡಿ ಲೇವಾದೇವಿಯವನ ಪಾಲು.

ಬಂಧುಗಳೆ, ಒಬ್ಬೊಬ್ಬರೇ ಹೋದರೆ ಗುಮಾಸ್ತ ನಾಳೆ ಬಾ ಎನ್ನುತ್ತಾನೆ. ನೂರು ಜನ ಒಟ್ಟಿಗೆ ಹೋದರೆ ಕುರ್ಚಿ ಬಿಟ್ಟು ಏಳುತ್ತಾನೆ. ನಾಳೆಯೇ ಅರ್ಜಿ ಹಿಡಿದು ಒಟ್ಟಾಗಿ ಹೋಗೋಣ.