ಸೂಜಿಮೊನೆಯ ಚಿಕಿತ್ಸೆ



ನೊಣವಿನಕೆರೆಯ ಸುತ್ತಿನ ತೋಟದ ಮನೆಗಳಿಗೆ ಹೋದವರಿಗೆ, ಅಂಗಳದ ಒಂದು ಮೂಲೆಯಲ್ಲಿ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯೊಂದು ಕಣ್ಣಿಗೆ ಬೀಳುವುದುಂಟು. ಹತ್ತು ಹನ್ನೊಂದು ತಿಂಗಳ ಕಾಲ ಅಟ್ಟದ ಮೇಲಿದ್ದು ಒಳಗೊಳಗೇ ಕೊಬ್ಬರಿಯಾದ ಕಾಯಿಯನ್ನು ಕೆಳಗಿಳಿಸಿದ ಮೇಲೆ, ಕಾಯಿ ಸುಲಿಯುವವನು ಆ ಮೊನೆಯ ಮುಂದೆ ನಿಂತು, ಎರಡು ಕೈಯಿಂದಲೂ ಕಾಯಿಯನ್ನೆತ್ತಿ ಕುಕ್ಕಿ, ಸೊಂಟವನ್ನು ಒಂದು ಪಕ್ಕಕ್ಕೆ ತಿರುಚಿ ಮಟ್ಟೆಯನ್ನು ಸೀಳುತ್ತಾನೆ. ಬೆಳಗಿನಿಂದ ಬೈಗಿನವರೆಗೆ ಹೀಗೆ ದುಡಿದ ಸೊಂಟ ರಾತ್ರಿ ಚಾಪೆಯ ಮೇಲೆ ನೆಟ್ಟಗಾಗಲು ಒಪ್ಪುವುದಿಲ್ಲ. ಎಣ್ಣೆ ಕಾಯಿಸಿ ನೀವುವುದು, ಉಪ್ಪಿನ ಗಂಟಿನ ಶಾಖ ಕೊಡುವುದು, ಉಳುಕು ತೆಗೆಸುವುದು, ಯಾವುದಕ್ಕೂ ಬಗ್ಗದಿದ್ದರೆ ಬರೆ ಹಾಕಿಸುವುದು, ಇವು ನಮ್ಮ ಹಿರಿಯರು ಬಲ್ಲ ಉಪಾಯಗಳು. ಇಂಥದೇ ನೋವಿಗೆ ಚೀನದೇಶದ ವೈದ್ಯರು ಕೂದಲೆಳೆಯಂಥ ಸೂಜಿಯನ್ನು ಕೈಗೆತ್ತಿಕೊಂಡರು. ಆ ಸೂಜಿ ನಮ್ಮವರೆಗೆ ಬಂದ ದಾರಿಯನ್ನು ಇಂದು ನಿಮ್ಮೊಡನೆ ನೆನೆಯಬಯಸುತ್ತೇನೆ.

ಈ ವಿದ್ಯೆಯ ಆದಿಗ್ರಂಥವೆನಿಸಿದ ‘ಹುವಾಂಗ್‌ದಿ ನೈಜಿಂಗ್’ ಕ್ರಿಸ್ತಪೂರ್ವದ ಕೊನೆಯ ಎರಡು ಶತಮಾನಗಳ ಸುಮಾರಿನಲ್ಲಿ ಸಂಕಲಿತವಾಯಿತೆಂಬುದು ವಿದ್ವಾಂಸರ ಅಭಿಪ್ರಾಯ. ದೇಹದಲ್ಲಿ ‘ಚಿ’ ಎಂಬ ಜೀವಶಕ್ತಿಯು ನಿಯತ ಮಾರ್ಗಗಳಲ್ಲಿ ಕಾಲುವೆಯ ನೀರಿನಂತೆ ಸಂಚರಿಸುತ್ತದೆ. ಎಲ್ಲಿ ಹರಿವು ಕಟ್ಟಿಕೊಳ್ಳುವುದೋ ಅಲ್ಲಿ ವ್ಯಾಧಿ. ತಕ್ಕ ಬಿಂದುವಿನಲ್ಲಿ ಸೂಜಿಯನ್ನು ಊರಿದರೆ, ಕೆರೆಯ ತೂಬನ್ನೆತ್ತಿದಂತೆ, ಹರಿವು ಮರಳುವುದು ಎಂಬುದು ಅವರ ಕಲ್ಪನೆ. ಇಂಥ ಬಿಂದುಗಳು ಇಂದಿನ ಗಣನೆಯಲ್ಲಿ 361. ಪ್ರಾಣವನ್ನೂ ನಾಡಿಯನ್ನೂ ಬಲ್ಲ ನಮಗೆ ಇದು ತೀರ ಅಪರಿಚಿತವಲ್ಲ. ಸುಶ್ರುತಸಂಹಿತೆಯೂ 107 ಮರ್ಮಗಳನ್ನು ಎಣಿಸಿದೆ. ಆದರೆ ಅವು ಶಸ್ತ್ರ ತಾಗದಂತೆ ಕಾಯಬೇಕಾದ ಸ್ಥಾನಗಳು, ಚೀನೀಯರ ಬಿಂದುಗಳಾದರೋ ಸೂಜಿಯನ್ನು ಆಹ್ವಾನಿಸುವ ಸ್ಥಾನಗಳು. ಏಳನೆಯ ಶತಮಾನದಲ್ಲಿ ನಳಂದದಲ್ಲಿದ್ದು ವ್ಯಾಸಂಗ ಮಾಡಿದ ಇತ್ಸಿಂಗ್ ಎಂಬ ಚೀನೀ ಭಿಕ್ಷು ನಮ್ಮ ವೈದ್ಯವನ್ನು ಆದರದಿಂದ ವರ್ಣಿಸಿದನಾದರೂ, ಸೂಜಿಯ ಚಿಕಿತ್ಸೆಯಲ್ಲಿಯೂ ನಾಡೀಪರೀಕ್ಷೆಯಲ್ಲಿಯೂ ತನ್ನ ದೇಶವನ್ನು ಮೀರಿಸಿದವರು ಜಂಬೂದ್ವೀಪದಲ್ಲಿಲ್ಲವೆಂದು ಅಭಿಮಾನದಿಂದ ಬರೆದಿಟ್ಟನು.

ಚೀನೀ ಭಾಷೆಯ ‘ಝೆನ್‌ಜಿಯು’ ಎಂಬ ಒಂದೇ ಪದದಲ್ಲಿ ಸೂಜಿಯೂ ಶಾಖವೂ ಅಡಗಿವೆ. ಶಾಖಕ್ಕಾಗಿ ಅವರು ಉಂಡೆಕಟ್ಟಿ ಉರಿಸುವ ಸೊಪ್ಪು, ನಾವು ಚೈತ್ರದಲ್ಲಿ ದೇವರಿಗೆ ಏರಿಸುವ ದವನದ ಕುಲಕ್ಕೆ ಸೇರಿದುದು. ಕ್ರಿ.ಶ. 1027ರಲ್ಲಿ ವಾಂಗ್ ವೈಯಿ ಎಂಬ ರಾಜವೈದ್ಯನು ಆಳೆತ್ತರದ ಟೊಳ್ಳು ಕಂಚಿನ ಪ್ರತಿಮೆಗಳನ್ನು ಎರಕ ಹೊಯ್ಯಿಸಿ, ಮೈಮೇಲೆ ಬಿಂದುಗಳನ್ನು ಕೊರೆಯಿಸಿದನು. ಪರೀಕ್ಷೆಯ ದಿನ ಪ್ರತಿಮೆಯೊಳಗೆ ನೀರು ತುಂಬಿ ಹೊರಗೆ ಮೇಣ ಸವರುತ್ತಿದ್ದರಂತೆ. ಶಿಷ್ಯನ ಸೂಜಿ ಬಿಂದುವನ್ನೇ ಹೊಕ್ಕರೆ ನೀರು ಜಿನುಗುವುದು, ತಪ್ಪಿದರೆ ಮೇಣ ಮಾತ್ರ ಗೀರುವುದು. ರೋಗಿಯ ಮೈಯನ್ನು ಮುಟ್ಟುವ ಮೊದಲು ಕಂಚಿನ ಮೈಯ ಮೇಲೆ ತೇರ್ಗಡೆಯಾಗಬೇಕೆಂಬ ಈ ಕಟ್ಟಳೆ ಎಷ್ಟು ದೊಡ್ಡ ವಿವೇಕ!

ಇಂಥ ವಿದ್ಯೆಗೂ ದುರ್ದಿನಗಳು ಬಂದವು. 1822ರಲ್ಲಿ ಚಕ್ರವರ್ತಿಯೇ ರಾಜವೈದ್ಯಶಾಲೆಯಿಂದ ಸೂಜಿಯನ್ನು ಹೊರಗಿಟ್ಟನು; 1929ರಲ್ಲಿ ಅಲ್ಲಿನ ಸರ್ಕಾರ ದೇಶೀಯ ವೈದ್ಯವನ್ನೇ ತೊಡೆದುಹಾಕಲು ಯತ್ನಿಸಿತು. 1950ರ ದಶಕದಲ್ಲಿ, ವೈದ್ಯರು ಕೆಲವರು ರೋಗಿಗಳು ಕೋಟ್ಯಂತರ ಎಂಬ ಸ್ಥಿತಿಯಲ್ಲಿ, ಅದೇ ಹಳೆಯ ಸೂಜಿಯನ್ನು ಮತ್ತೆ ಆಸ್ಪತ್ರೆಗೆ ಕರೆತಂದರು.

ಭಾರತಕ್ಕೆ ಅದು ಬಂದ ಕಥೆ ನಮಗೆ ಹತ್ತಿರದ್ದು. ಚಿಕ್ಕನಾಯಕನಹಳ್ಳಿ ಸೀಮೆಯ ಗೋಡೆಕೆರೆಯಲ್ಲಿ ನಾವು ಆರಾಧಿಸುವ ಸಿದ್ಧರಾಮೇಶ್ವರನ ಊರು ಸೊನ್ನಲಿಗೆ, ಇಂದಿನ ಸೊಲ್ಲಾಪುರ. ಕನ್ನಡವೂ ಮರಾಠಿಯೂ ಒಂದೇ ಬೀದಿಯಲ್ಲಿ ಕೇಳಿಬರುವ ಆ ಪಟ್ಟಣದಲ್ಲಿ 1910ರಲ್ಲಿ ದ್ವಾರಕಾನಾಥ ಕೋಟ್ನೀಸರು ಜನಿಸಿದರು. ಜಪಾನೀಯರ ದಾಳಿಗೆ ಸಿಕ್ಕಿದ ಚೀನಕ್ಕೆ ನೆರವಾಗಲು 1938ರಲ್ಲಿ ಭಾರತದಿಂದ ಹೊರಟ ಐವರು ವೈದ್ಯರಲ್ಲಿ ಅವರೊಬ್ಬರು. ಗಾಯಗೊಂಡವರ ಶುಶ್ರೂಷೆಯಲ್ಲಿ ದೇಹವನ್ನು ಸವೆಸಿ, 1942ರ ಡಿಸೆಂಬರ್ 9ರಂದು, ಮೂವತ್ತೆರಡರ ಪ್ರಾಯದಲ್ಲಿ, ಅವರು ಅಲ್ಲಿಯೇ ಮಣ್ಣಾದರು. ಅವರ ಸಂಗಡಿಗರಾಗಿ ಹೋಗಿದ್ದ ಬಿಜಯಕುಮಾರ ಬಸು ಅವರು ಮುಂದೆ 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಕ್ಕೆ ತೆರಳಿ, ಪಳಗಿದ ವೈದ್ಯರಾಗಿದ್ದರೂ ಶಿಷ್ಯನಂತೆ ಕುಳಿತು ಸೂಜಿಯ ವಿದ್ಯೆಯನ್ನು ಕಲಿತು, ಕಲ್ಕತ್ತದಲ್ಲಿ ಅದನ್ನು ನೆಲೆಗೊಳಿಸಿದರು. ನಾವು ಕಳುಹಿಸಿದ್ದು ಸೇವೆಯನ್ನು, ಪಡೆದದ್ದು ವಿದ್ಯೆಯನ್ನು. 1979ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಚಿಕಿತ್ಸೆಗೆ ಒಗ್ಗಬಹುದಾದ ವ್ಯಾಧಿಗಳ ಪಟ್ಟಿಯೊಂದನ್ನು ಪ್ರಕಟಿಸಿತು. ನಮ್ಮ ನಾಡಿನಲ್ಲಿ, 1989ರಲ್ಲಿ ಉಜಿರೆಯಲ್ಲಿ ಸ್ಥಾಪಿತವಾದ ಪ್ರಕೃತಿಚಿಕಿತ್ಸಾ ಕಾಲೇಜಿನಂಥ ಸಂಸ್ಥೆಗಳಲ್ಲಿ ಅಕ್ಯುಪಂಕ್ಚರ್ ಎಂಬ ಹೆಸರಿನ ಈ ಸೂಜಿಯ ವಿದ್ಯೆ ಈಗ ಒಂದು ಪಾಠ್ಯವಿಷಯ.

ಹಾಗಾದರೆ ನಮ್ಮ ಸೊಂಟನೋವಿಗೆ ಇದು ಮದ್ದೇ? ಜರ್ಮನಿಯಲ್ಲಿ ಬಹುಕಾಲದ ಸೊಂಟನೋವಿನ 1,162 ರೋಗಿಗಳನ್ನು ಪರೀಕ್ಷಿಸಿ 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸೂಜಿಯ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 47 ಮಂದಿಗೂ, ಔಷಧ ವ್ಯಾಯಾಮಗಳ ರೂಢಿಯ ಚಿಕಿತ್ಸೆ ಪಡೆದವರಲ್ಲಿ 27 ಮಂದಿಗೂ ಗುಣ ಕಂಡಿತು. ಆದರೆ ಶಾಸ್ತ್ರೋಕ್ತ ಬಿಂದುಗಳನ್ನು ಬಿಟ್ಟು ಬೇರೆಲ್ಲಿಯೋ ಮೇಲೆಮೇಲೆ ಚುಚ್ಚಿಸಿಕೊಂಡವರಲ್ಲಿಯೂ 44 ಮಂದಿ ಗುಣ ಹೊಂದಿದರು! ನೋವು ತಗ್ಗಿದ್ದು ನಿಜ. ಆದರೆ ಅದು ತಗ್ಗಿದ್ದು ಬಿಂದುವಿನಿಂದಲೋ, ಚುಚ್ಚಿದ್ದರಿಂದಲೋ, ವೈದ್ಯನು ಹತ್ತಿರ ಕುಳಿತು ಕೈಯಿಟ್ಟ ಭರವಸೆಯಿಂದಲೋ ಎಂಬುದು ಇನ್ನೂ ವಿಚಾರಣೀಯ. ಪರೀಕ್ಷೆಗೆ ಅಂಜಬೇಕಾಗಿಲ್ಲ. ದವನದ ಕುಲದ್ದೇ ಆದ ಇನ್ನೊಂದು ಗಿಡವನ್ನು ಸಾವಿರದ ಆರುನೂರು ವರ್ಷಗಳ ಹಿಂದಿನ ಗ್ರಂಥದ ಸೂಚನೆಯಂತೆ ಶೋಧಿಸಿದ ತು ಯುಯು ಎಂಬ ಮಹಿಳೆಗೆ ಮಲೇರಿಯಾದ ಮದ್ದು ದೊರೆಯಿತು. 2015ರಲ್ಲಿ ನೊಬೆಲ್ ಪುರಸ್ಕಾರವೂ ಸಂದಿತು. ಪ್ರಾಚೀನವಾದುದನ್ನು ಗೌರವಿಸುವ ಮಾರ್ಗವೆಂದರೆ ಅದನ್ನು ಪರೀಕ್ಷೆಗೆ ಒಡ್ಡುವುದೇ.

ಆದುದರಿಂದ, ಸೊಂಟ, ಮಂಡಿ, ತಲೆನೋವುಗಳಿಂದ ಬಹುಕಾಲ ಬಳಲಿದವರು ಈ ಚಿಕಿತ್ಸೆಯನ್ನು ಪಡೆಯುವುದಾದರೆ, ಕ್ರಮವಾಗಿ ಕಲಿತವರ ಬಳಿಗೇ ಹೋಗತಕ್ಕದ್ದು. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರ ಮೈಗೆ ತಾಗಕೂಡದು. ಎದೆ ಹಿಂಡುವ ನೋವು, ಕಾಲು ಸ್ವಾಧೀನ ತಪ್ಪುವುದು, ಬಿಡದ ಜ್ವರ, ಇವುಗಳಲ್ಲಿ ಒಂದು ಗಳಿಗೆಯೂ ತಡೆಯದೆ ಆಸ್ಪತ್ರೆಗೆ ಧಾವಿಸತಕ್ಕದ್ದು. ಉಳಿದಂತೆ, ಅಂಗಳದ ಮೊನೆಯ ಮುಂದೆ ದಿನವೆಲ್ಲ ಸೊಂಟ ತಿರುಚುವವನಿಗೆ ನಡುನಡುವೆ ನೆಟ್ಟಗೆ ನಿಂತು ಉಸಿರಾಡುವಷ್ಟು ಬಿಡುವನ್ನು ತೋಟದ ಯಜಮಾನರು ಕೊಡಬೇಕು. ಸೂಜಿಯ ಅಗತ್ಯವೇ ಬೀಳದಂತೆ ಮಾಡುವ ಆ ಚಿಕಿತ್ಸೆ ನಮ್ಮ ಕೈಯಲ್ಲಿಯೇ ಇದೆ.