ಬಟಾಣಿಯ ಸುಕ್ಕಿಗೆ ಕಾರಣ ಕೇಳುವ ಪಾಠ

ಅನುವಂಶೀಯತೆಯ ಪಾಠ ನಮ್ಮ ಶಾಲೆಗಳಲ್ಲಿ ಬಟಾಣಿಯಿಂದ ಶುರುವಾಗುತ್ತದೆ. ಅದರಲ್ಲಿ ತಪ್ಪಿಲ್ಲ. ಎಷ್ಟೋ ಸಲ ಬಟಾಣಿಯಲ್ಲೇ ಮುಗಿದುಬಿಡುತ್ತದೆ, ತೊಡಕಿರುವುದು ಅಲ್ಲಿ. ಗ್ರೆಗರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ 7,324 ಕಾಳುಗಳ ಲೆಕ್ಕವಿದೆ: 5,474 ದುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೊಂದರ ಈ ಅನುಪಾತವನ್ನು ವಿದ್ಯಾರ್ಥಿಗಳು ವಂಶವಾಹಿಗಳ ಜೋಡಣೆ ತೋರಿಸುವ ಚೌಕದ ಮನೆಗಳಲ್ಲಿ ತುಂಬಿ ಅಂಕ ಗಳಿಸುತ್ತಾರೆ. ಆದರೆ ಕಾಳು ಸುಕ್ಕಾಗುವುದೇಕೆ ಎಂದು ಕೇಳಿದರೆ, ಸುಕ್ಕಿನ ವಂಶವಾಹಿ ಇದೆಯಲ್ಲ, ಅದಕ್ಕೇ ಎನ್ನುತ್ತಾರೆ. ಕೇಳಿದ್ದನ್ನೇ ತಿರುಗಿಸಿ ಹೇಳಿದಂತಾಯಿತು. ವಂಶವಾಹಿಗೂ ಲಕ್ಷಣಕ್ಕೂ ನಡುವೆ ಒಂದು ದಾರಿಯಿದೆ. ಅದನ್ನು ತೋರಿಸದೆ ಅನುಪಾತವನ್ನಷ್ಟೇ ಕಲಿಸಿದರೆ, ವಿಜ್ಞಾನದ ಹೆಸರಿನಲ್ಲಿ ಹಣೆಬರಹವನ್ನು ಕಲಿಸಿದಂತಾಗುತ್ತದೆ ಎಂಬುದು ನನ್ನ ವಾದ.

ಸುಕ್ಕಿನ ದಾರಿ 1990ರಲ್ಲಿ ಸ್ಪಷ್ಟವಾಯಿತು. ಪಿಷ್ಟಕ್ಕೆ ಕವಲು ಮೂಡಿಸುವ ಕಿಣ್ವವೊಂದರ ವಂಶವಾಹಿಯಲ್ಲಿ ಡಿಎನ್‌ಎಯ ಹೆಚ್ಚುವರಿ ತುಂಡೊಂದು ಸೇರಿಕೊಂಡಿದೆ. ಅದರಿಂದ ಕಿಣ್ವ ಕೆಡುತ್ತದೆ, ಪಿಷ್ಟ ಕಡಿಮೆಯಾಗಿ ಸಕ್ಕರೆ ಉಳಿಯುತ್ತದೆ, ಸಕ್ಕರೆ ನೀರನ್ನು ಎಳೆದುಕೊಂಡು ಎಳೆಗಾಳು ಉಬ್ಬುತ್ತದೆ. ಬಲಿತು ಒಣಗುವಾಗ ನೀರು ಆರಿ ಸಿಪ್ಪೆ ಸುಕ್ಕುಗಟ್ಟುತ್ತದೆ. ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದೇ ಒಂದು ಸರಿಯಿದ್ದರೂ ಕಾಳು ದುಂಡಾಗಲು ಬೇಕಾದಷ್ಟು ಕಿಣ್ವ ತಯಾರಾಗುತ್ತದೆ, ಹಾಗಾಗಿಯೇ ದುಂಡು ಪ್ರಬಲ ಗುಣ. ಪ್ರಬಲವು ದುರ್ಬಲವನ್ನು ಚಿತ್ ಮಾಡುವ ಕುಸ್ತಿಯೇನೂ ಅಲ್ಲಿ ನಡೆದಿಲ್ಲ.

ಈ ತಿಳಿವಳಿಕೆ ಮನುಷ್ಯರ ವಿಷಯಕ್ಕೆ ಬಂದಾಗ ಇನ್ನೂ ಅಗತ್ಯ. ಸಿಕಲ್ ಸೆಲ್ ಕಾಯಿಲೆ ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲೂ ಇದೆ. ಅದರ ನಿರ್ಮೂಲನೆಗೆ 2023ರಲ್ಲಿ ರಾಷ್ಟ್ರೀಯ ಅಭಿಯಾನವೇ ಶುರುವಾಗಿದೆ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ 146 ಅಮೈನೋ ಆಮ್ಲಗಳಲ್ಲಿ ಆರನೆಯದೊಂದು ಬದಲಾದರೆ ಸಾಕು, ಆಮ್ಲಜನಕ ಕಡಿಮೆಯಾದಾಗ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಕಾಯಿಲೆಯ ದೃಷ್ಟಿಯಿಂದ ಈ ಬದಲಾವಣೆ ದುರ್ಬಲ, ಏಕೆಂದರೆ ಒಂದೇ ಪ್ರತಿ ಪಡೆದವರು ಸಾಮಾನ್ಯವಾಗಿ ಆರೋಗ್ಯವಂತರು. ಆದರೆ ತೀವ್ರ ಮಲೇರಿಯಾದಿಂದ ರಕ್ಷಣೆ ಕೊಡಲು ಆ ಒಂದು ಪ್ರತಿಯೇ ಸಾಕು. ಅಲ್ಲಿ ಅದೇ ಪ್ರಬಲ. ಅಂಥವರ ರಕ್ತಕಣದೊಳಗಂತೂ ಎರಡೂ ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಅಂದರೆ ಪ್ರಬಲ, ದುರ್ಬಲ ಎಂಬುದು ನಾವು ಯಾವ ಮಟ್ಟದಲ್ಲಿ ನೋಡುತ್ತೇವೆ ಎಂಬುದನ್ನೂ ಅವಲಂಬಿಸಿದೆ. ತಂದೆತಾಯಿ ಇಬ್ಬರೂ ಹೀಗೆ ಒಂದೇ ಪ್ರತಿಯಿರುವ ವಾಹಕರಾಗಿದ್ದರೆ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಈ ಲೆಕ್ಕ ಪ್ರತಿ ಬಸಿರಿಗೂ ಹೊಸದಾಗಿ ಅನ್ವಯಿಸುತ್ತದೆ. ಮೊದಲ ಮಗುವಿಗೆ ಬಂತು, ಇನ್ನು ಮೂವರಿಗೆ ಭಯವಿಲ್ಲ ಎಂದುಕೊಳ್ಳುವಂತಿಲ್ಲ. ಚೌಕ ತುಂಬಿಸುವ ಅಭ್ಯಾಸವೊಂದರಿಂದಲೇ ಇದು ಮನವರಿಕೆಯಾಗದು.

ಹದಿನೈದರ ಮಕ್ಕಳಿಗೆ ಇಷ್ಟೆಲ್ಲ ಭಾರವಾಗದೇ ಎಂಬ ಆಕ್ಷೇಪಣೆ ಬರುತ್ತದೆ. ಪಿಷ್ಟ, ಕಿಣ್ವ, ನೀರಿನ ಚಲನೆ ಅವರು ಆಗಲೇ ಓದಿರುವ ಪಾಠಗಳು; ಅವನ್ನು ಇಲ್ಲಿ ಕೂಡಿಸಿಕೊಟ್ಟರಾಯಿತು. ರೋಗದ ಉದಾಹರಣೆಯಿಂದ ಕೆಲವು ಸಮುದಾಯಗಳಿಗೆ ಕಳಂಕ ತಟ್ಟುತ್ತದೆ ಎಂಬುದು ಇನ್ನೂ ಗಂಭೀರವಾದ ಮಾತು. ಅದನ್ನು ಒಪ್ಪಿ, ಮಕ್ಕಳಿಂದ ಅವರ ಮನೆಯವರ ವಿವರ ಕೇಳುವ ಚಟುವಟಿಕೆಗಳನ್ನು ಕೈಬಿಡಬೇಕು. ಆದರೆ ಮೌನದಿಂದ ಕಳಂಕ ಅಳಿಯುವುದಿಲ್ಲ. ವಾಹಕರು ರೋಗಿಗಳಲ್ಲ ಎಂದು ಬಿಡಿಸಿ ಹೇಳಿದರೆ ಅಳಿಯಲು ದಾರಿಯಾದೀತು.

ದಾರಿಯಿದೆ ಎಂದರೆ ಎಲ್ಲವನ್ನೂ ಬದಲಿಸಬಹುದು ಎಂದಲ್ಲ. ಫಿನೈಲ್‌ಕೀಟೋನ್ಯೂರಿಯಾ ಎಂಬ ಅನುವಂಶೀಯ ಕಾಯಿಲೆಯಲ್ಲಿ ಹಸುಗೂಸಿನಿಂದಲೇ ಪಥ್ಯ ಮಾಡಿಸಿದರೆ, ವಂಶವಾಹಿ ಹಾಗೆಯೇ ಇದ್ದರೂ, ಮೆದುಳಿಗೆ ಆಗುವ ತೀವ್ರ ಹಾನಿ ತಪ್ಪುತ್ತದೆ. ಸಿಕಲ್ ಸೆಲ್ ಹಾಗೆ ಪಥ್ಯಕ್ಕೆ ಬಗ್ಗುವುದಿಲ್ಲ. ಎತ್ತರದ ವಿಷಯಕ್ಕೆ ಬಂದರೆ, ಸುಮಾರು 54 ಲಕ್ಷ ಜನರ ಮಾಹಿತಿ ಬಳಸಿದ 2022ರ ಅಧ್ಯಯನವೊಂದು ಡಿಎನ್‌ಎಯಲ್ಲಿ ಅದಕ್ಕೆ ಸಂಬಂಧಿಸಿದ 12,000ಕ್ಕೂ ಹೆಚ್ಚು ವ್ಯತ್ಯಾಸಗಳನ್ನು ಗುರುತಿಸಿತು; ಜೊತೆಗೆ ಬಾಲ್ಯದ ಪೋಷಣೆಯೂ ಸೇರುತ್ತದೆ. ಹೀಗೆ ಒಂದೊಂದು ಲಕ್ಷಣದ ದಾರಿ ಒಂದೊಂದು ಬಗೆ. ಆದ್ದರಿಂದ ಪರೀಕ್ಷೆಯಲ್ಲಿ ಅನುಪಾತ ಬರೆಸುವ ಪ್ರಶ್ನೆಯ ಜೊತೆಗೆ ಇನ್ನೊಂದು ಪ್ರಶ್ನೆ ಇರಲಿ: ಈ ವಂಶವಾಹಿ ಯಾವ ಕೆಲಸ ಮಾಡುತ್ತದೆ, ಅದು ಕೆಟ್ಟರೆ ಎಲ್ಲಿ ಏನಾಗುತ್ತದೆ, ಯಾವ ಹಂತದಲ್ಲಿ ನಾವು ಕೈಹಾಕಬಹುದು? ಇದಕ್ಕೆ ಉತ್ತರಿಸಬಲ್ಲವರು ರಕ್ತಪರೀಕ್ಷೆಯ ವರದಿಯನ್ನು ಶಾಪವೆಂದೂ ಓದುವುದಿಲ್ಲ, ಕಸದ ಬುಟ್ಟಿಗೂ ಹಾಕುವುದಿಲ್ಲ.