ಒಂದೇ ಸೌಂಡ್ ಕಾರ್ಡ್, ಹತ್ತು ಆ್ಯಪ್

ಬಿ.ಕಾಂ. ಮಾಡಿದವನು ಲಿನಕ್ಸ್ ಸೌಂಡ್ ಬಗ್ಗೆ ಏನು ಹೇಳ್ತಾನೆ ಅಂತ ನಗ್ಬೇಡಿ. ಹಳೇ ಲ್ಯಾಪ್‌ಟಾಪ್, ಫ್ರೀ ಸಾಫ್ಟ್‌ವೇರ್, ಇಷ್ಟರಲ್ಲೇ ನನ್ನ ಶೋ ನಡೀಬೇಕು. ಹಾಗಾಗಿ ಕಲಿಯಲೇಬೇಕಾಯ್ತು.

ನನಗೆ ಬೇಕಾಗಿದ್ದು ಇಷ್ಟೇ: ಅತಿಥಿ ಬ್ರೌಸರ್ ಕಾಲ್‌ನಲ್ಲಿ ಮಾತಾಡ್ತಾರೆ. ಅವರ ದನಿ ಒಂದು ಟ್ರ್ಯಾಕ್‌ನಲ್ಲಿ, ನನ್ನದು ಇನ್ನೊಂದರಲ್ಲಿ ರೆಕಾರ್ಡ್ ಆಗ್ಬೇಕು. ಆಗ ನನ್ನ ಕೆಮ್ಮನ್ನ ಕತ್ತರಿಸಿದರೂ ಅವರ ಮಾತು ಉಳಿಯುತ್ತೆ. ಎಂಬತ್ತು ದಾಟಿದ ಅಜ್ಜಿಯೊಬ್ಬರು ಒಂದು ಗಂಟೆ ನೆನಪು ಬಿಚ್ಚಿಟ್ಟ ಮೇಲೆ "ರೆಕಾರ್ಡ್ ಆಗಿಲ್ಲ ಅಜ್ಜಿ, ಇನ್ನೊಂದ್ಸಲ ಹೇಳಿ" ಅನ್ನೋಕಾಗುತ್ತಾ? ಹೇಳಿದ್ರೂ ಅದೇ ಮಾತು ಮತ್ತೆ ಬರಲ್ಲ.

ತೊಡಕು ಎಲ್ಲಿತ್ತು ನೋಡಿ. ಲಿನಕ್ಸ್‌ನಲ್ಲಿ ಸೌಂಡ್ ಕಾರ್ಡ್ ಜೊತೆ ನೇರವಾಗಿ ಮಾತಾಡೋದು ಆಲ್ಸಾ. ಅದರ ಮೇಲೆ ಸೌಂಡ್ ಸರ್ವರ್‌ಗಳು. ಬ್ರೌಸರ್, ವಿಡಿಯೊ ಥರದ ದಿನನಿತ್ಯದ ಕೆಲಸಕ್ಕೆ ಪಲ್ಸ್‌ಆಡಿಯೊ. ಸ್ಟುಡಿಯೊ ಕೆಲಸಕ್ಕೆ ಜ್ಯಾಕ್. ಆರ್ಡರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಮಾಡಿದ ಪಾಲ್ ಡೇವಿಸ್ ಅವರೇ ಜ್ಯಾಕ್ ಕೂಡ ಮಾಡಿದ್ದು. ಎರಡೂ ಒಳ್ಳೆಯವೇ, ಆದ್ರೆ ಕಾರ್ಡ್ ಒಂದೇ. ಪಿಜಿಯಲ್ಲಿ ಒಂದೇ ಬಾತ್‌ರೂಮ್ ಇದ್ದ ಹಾಗೆ. ಜ್ಯಾಕ್ ಒಳಗೆ ಹೋಗಿ ಚಿಲಕ ಹಾಕಿದ್ರೆ ಬ್ರೌಸರ್ ಬಕೆಟ್ ಹಿಡ್ಕೊಂಡು ಹೊರಗೆ ನಿಲ್ಬೇಕು. ಎರಡನ್ನೂ ಜೋಡಿಸೋ ದಾರಿ ಇತ್ತು, ಆದರೆ ತಲೆನೋವು.

ವಿಮ್ ಟೇಮನ್ಸ್ ಶುರು ಮಾಡಿದ ಪೈಪ್‌ವೈರ್ ಇದನ್ನ ಬಗೆಹರಿಸ್ತು. ಕಾರ್ಡ್ ಅದರ ಕೈಯಲ್ಲಿರುತ್ತೆ. ಪಲ್ಸ್ ಆ್ಯಪ್‌ಗೆ ಪಲ್ಸ್ ಥರ, ಜ್ಯಾಕ್ ಆ್ಯಪ್‌ಗೆ ಜ್ಯಾಕ್ ಥರ ಉತ್ತರ ಕೊಡುತ್ತೆ. 2021ರಲ್ಲಿ ಫೆಡೋರಾ 34, 2022ರಲ್ಲಿ ಉಬುಂಟು 22.10 ಇದನ್ನೇ ಡಿಫಾಲ್ಟ್ ಮಾಡಿಕೊಂಡವು.

ಈಗ ನೀವು ಮಾಡ್ಬೇಕಾದ್ದು. ಟರ್ಮಿನಲ್‌ನಲ್ಲಿ ಪಿ-ಎ-ಸಿ-ಟಿ-ಎಲ್, ಒಂದು ಸ್ಪೇಸ್, ಆಮೇಲೆ ಇನ್ಫೋ ಅಂತ ಟೈಪ್ ಮಾಡಿ. ಸರ್ವರ್ ಹೆಸರಿನ ಸಾಲಲ್ಲಿ ಪೈಪ್‌ವೈರ್ ಅಂತ ಕಂಡ್ರೆ ಅರ್ಧ ಕೆಲಸ ಮುಗೀತು. ಕೆಲವು ಡಿಸ್ಟ್ರೋಗಳಲ್ಲಿ ಪೈಪ್‌ವೈರ್-ಜ್ಯಾಕ್ ಅನ್ನೋ ಪ್ಯಾಕೇಜ್ ಬೇರೆಯಾಗಿ ಹಾಕ್ಬೇಕು. ಆರ್ಡರ್ ತೆರೆದಾಗ ಆಡಿಯೊ ಸಿಸ್ಟಮ್ ಜಾಗದಲ್ಲಿ ಜ್ಯಾಕ್ ಆರಿಸಿ. ಅಲ್ಲಿ ಆಲ್ಸಾ ಆರಿಸಿದ್ರೆ ಆರ್ಡರ್ ನೇರವಾಗಿ ಕಾರ್ಡ್‌ಗೇ ಕೈ ಹಾಕುತ್ತೆ, ಮತ್ತೆ ಅದೇ ಚಿಲಕದ ಕಥೆ. ಆಮೇಲೆ ಕ್ಯೂಪಿಡಬ್ಲ್ಯೂಗ್ರಾಫ್ ತೆರೆದು ಬ್ರೌಸರ್‌ನಿಂದ ಒಂದು ಟ್ರ್ಯಾಕ್‌ಗೆ, ಮೈಕ್‌ನಿಂದ ಇನ್ನೊಂದಕ್ಕೆ ಗೆರೆ ಎಳೀರಿ. ವೈರ್ ಚುಚ್ಚಿದ ಹಾಗೇ.

ಕೊನೇದು ಬಫರ್. 48,000 ಸ್ಯಾಂಪಲ್ ರೇಟ್‌ನಲ್ಲಿ 256 ಇಟ್ರೆ ಸುಮಾರು 5 ಮಿಲಿಸೆಕೆಂಡ್ ತಡ, 1024 ಇಟ್ರೆ ಸುಮಾರು 21. ಹಾಡೋರು ತಮ್ಮ ದನೀನ ಹೆಡ್‌ಫೋನ್‌ನಲ್ಲಿ ಕೇಳ್ಕೊಂಡು ಹಾಡೋದಾದ್ರೆ ಕಡಿಮೆ ಬೇಕು. ಸಂದರ್ಶನಕ್ಕೆ 1024 ಸಾಕು. ಹಳೇ ಲ್ಯಾಪ್‌ಟಾಪ್‌ಗೆ ಉಸಿರಾಡೋಕೆ ಜಾಗ ಸಿಗುತ್ತೆ, ಚಟಚಟ ಸದ್ದು ಕಮ್ಮಿಯಾಗುತ್ತೆ.

ಅತಿಥಿ ಮಾತು ಶುರು ಮಾಡೋ ಮೊದಲು ಒಂದು ನಿಮಿಷ ರೆಕಾರ್ಡ್ ಮಾಡಿ, ಎರಡೂ ಟ್ರ್ಯಾಕ್ ಪ್ಲೇ ಮಾಡಿ ಕೇಳಿ. ಅದಕ್ಕೆ ಯಾವ ಸರ್ವರ್ರೂ ಬದಲಿ ಅಲ್ಲ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.